ಲೀಟರ್ ಆಮೇಲೆ ಕೇಳಿ, ಮೊದಲು ಬದು ನೋಡಿ

ಎಂಜಿನ್‌ಗೆ ಟರ್ಬೊ ಕೂರಿಸಿ, ಟ್ಯೂನಿಂಗ್ ಮಾಡಿಸಿ, ಹಿಡಿತ ಹೆಚ್ಚಿರುವ ಟೈರ್ ಹಾಕಿಸಿದವರ ಕಣ್ಣು ಮುಂದಿನ ಸರದಿಯಲ್ಲಿ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಮೇಲೆ ಬೀಳುತ್ತದೆ. ಕಂಪನಿಗಳ ಪಟ್ಟಿಯಲ್ಲಿ ಅದಕ್ಕೆ ಸಂಪ್ ಅಥವಾ ಆಯಿಲ್ ಪ್ಯಾನ್ ಎಂದು ಹೆಸರು. ಗ್ಯಾರೇಜಿನಲ್ಲಿ ಬರೀ ಚೇಂಬರ್. ಅದನ್ನು ಕೈಗೆತ್ತಿಕೊಂಡವರು ಕೇಳುವ ಮೊದಲ ಪ್ರಶ್ನೆ: "ಎಷ್ಟ್ ಲೀಟರ್ ಹಿಡಿತೈತ್ರಿ?" ಕೇಳಬೇಕಾದ ಪ್ರಶ್ನೆ ಅದಲ್ಲ. ಗಾಡಿ ಜೋರಾಗಿ ತಿರುಗುವಾಗ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ, ಎಣ್ಣೆ ಹೀರುವ ಸ್ಟ್ರೈನರಿನ ಬಾಯಿ ಎಣ್ಣೆಯೊಳಗೇ ಮುಳುಗಿರುತ್ತದೆಯೇ? ಚೇಂಬರಿನ ಉಳಿದೆಲ್ಲ ಗುಣಗಳನ್ನೂ ಈ ಪ್ರಶ್ನೆ ಇಟ್ಟುಕೊಂಡೇ ತೂಗಬೇಕು.

ಬಸ್ಸಿನಲ್ಲಿ ನಿಂತು ತುಂಬಿದ ತಂಬಿಗೆ ಹಿಡಿದವರಿಗೆ ಇದರ ಭೌತಶಾಸ್ತ್ರ ಗೊತ್ತೇ ಇರುತ್ತದೆ. 25 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ದಾಟಿದರೆ, ಅಡ್ಡಕ್ಕೆ ಎಳೆಯುವ ಬಲ ಗುರುತ್ವದ ಸುಮಾರು 0.8ರಷ್ಟು. ಆಗ ಚೇಂಬರಿನಲ್ಲಿರುವ ಎಣ್ಣೆಯ ಮೇಲ್ಮೈ 38 ಡಿಗ್ರಿ ವಾಲುತ್ತದೆ. ಚೇಂಬರ್ 30 ಸೆಂಟಿಮೀಟರ್ ಅಗಲ ಇದ್ದರೆ ಒಂದು ಅಂಚಿಗೂ ಇನ್ನೊಂದು ಅಂಚಿಗೂ ಎಣ್ಣೆಯ ಮಟ್ಟದಲ್ಲಿ 23 ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ. ಅಷ್ಟು ಆಳದ ಚೇಂಬರ್ ಸಣ್ಣ ಕಾರುಗಳಲ್ಲಿ ಇರುವುದೇ ಇಲ್ಲ. ಅಂದರೆ ಎಣ್ಣೆ ಗೋಡೆ ಹತ್ತಿ, ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಇರುವ ಮೇಲಿನ ಕೋಣೆಗೇ ನುಗ್ಗುತ್ತದೆ. ಸ್ಟ್ರೈನರ್ ಇರುವ ಕಡೆ ತಳ ಕಾಣುತ್ತದೆ.

ಇದರ ಜೊತೆಗೆ ಎಣ್ಣೆ ಪಂಪಿನ ಲೆಕ್ಕವನ್ನೂ ಸೇರಿಸಿ. ಹೆಚ್ಚಿನ ವೇಗದಲ್ಲಿ ಅದು ನಿಮಿಷಕ್ಕೆ 40 ಲೀಟರ್ ತಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಮೂರು ಸೆಕೆಂಡಿನ ಒಂದು ತಿರುವು ಮುಗಿಯುವಷ್ಟರಲ್ಲಿ 2 ಲೀಟರ್ ಎಣ್ಣೆ ಮೇಲೆ ಹೋಗಿರುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಹೋದ ಎಣ್ಣೆ ಅಷ್ಟೇ ಬೇಗ ವಾಪಸ್ ಇಳಿಯುವುದಿಲ್ಲ. ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ 4 ಲೀಟರ್ ತೋರಿಸಿದ್ದರೂ ಓಡುವ ಎಂಜಿನ್ನಿನ ಚೇಂಬರಿನಲ್ಲಿ ಅಷ್ಟು ಇರುವುದಿಲ್ಲ.

ಸ್ಟ್ರೈನರ್ ಒಂದೇ ಸೆಕೆಂಡ್ ಗಾಳಿ ಕುಡಿದರೂ ಸಾಕು. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಆ ಒಂದು ಸೆಕೆಂಡಿಗೆ ಕ್ರ್ಯಾಂಕ್ 100 ಸುತ್ತು ಹಾಕಿರುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ಸಾಮಾನ್ಯವಾಗಿ 0.03ರಿಂದ 0.06 ಮಿಲಿಮೀಟರ್, ಭಾರ ಬೀಳುವ ಜಾಗದಲ್ಲಿ ಎಣ್ಣೆಯ ಪದರ ಕೆಲವೇ ಮೈಕ್ರಾನ್. ಗಾಳಿ ಬೆರೆತ ಎಣ್ಣೆ ಆ ಭಾರ ಹೊರಲಾರದು. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರುವಂತಿಲ್ಲ. ಒತ್ತಡ ಬಹುಪಾಲು ಕುಸಿದ ಮೇಲಷ್ಟೇ ಅದು ಹತ್ತುತ್ತದೆ. ಹಾಗಾಗಿ ಚೇಂಬರಿಗೆ ದುಡ್ಡು ಹಾಕುವ ಮೊದಲು ಎಣ್ಣೆ ಒತ್ತಡದ ಗೇಜ್ ಹಾಕಿಸಿ. ತಿರುವಿನಲ್ಲಿ ಮುಳ್ಳು ಕುಸಿದು, ನೇರ ರಸ್ತೆಗೆ ಬಂದಾಗ ಮತ್ತೆ ಏರಿದರೆ ಸಮಸ್ಯೆ ಚೇಂಬರಿನದು. ತಿರುವು ಇರಲಿ ಬಿಡಲಿ ಒತ್ತಡ ಕಡಿಮೆಯೇ ಇದ್ದರೆ ಪಂಪನ್ನೋ ಬೇರಿಂಗನ್ನೋ ನೋಡಿ; ಹೊಸ ಚೇಂಬರ್ ಅದನ್ನು ವಾಸಿ ಮಾಡುವುದಿಲ್ಲ.

ಇನ್ನು ಚೇಂಬರಿನ ಒಳಗೆ ಕಣ್ಣು ಹಾಯಿಸಿ. ಒಳ್ಳೆಯ ಚೇಂಬರ್ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಯ ಹಾಗಿರುತ್ತದೆ: ಸುತ್ತ ಬದು, ಬದುವಿಗೆ ತೂಬು. ಸ್ಟ್ರೈನರಿನ ಸುತ್ತ ತಗಡಿನ ಗೋಡೆ ಕಟ್ಟಿ ಸಣ್ಣ ಮಡಿ ಮಾಡಿರುತ್ತಾರೆ. ಇದೇ ಬ್ಯಾಫಲ್. ಗೋಡೆಗೆ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲು. ಎಣ್ಣೆ ಒಳಗೆ ಬರಬಹುದು, ಹೊರಗೆ ಓಡಲು ನೋಡಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಮಡಿಯ ಮೇಲೆ ಅಡ್ಡ ತಗಡಿನ ಮುಚ್ಚಿಗೆಯೂ ಇರಬೇಕು, ಇಲ್ಲದಿದ್ದರೆ ಎಣ್ಣೆ ಬದು ಹಾರಿ ಹೋಗುತ್ತದೆ. ಕೊಳ್ಳುವಾಗ ಚೇಂಬರನ್ನು ಕೈಯಲ್ಲಿ ಹಿಡಿದು ನಾಲ್ಕೂ ಕಡೆ ವಾಲಿಸಿ. ಬಾಗಿಲುಗಳು ಟಿಕ್ ಎಂದು ಸಲೀಸಾಗಿ ಬಿದ್ದು ಏಳಬೇಕು. ಒಂದೇ ಒಂದು ತಡವರಿಸಿದರೂ ಆ ಚೇಂಬರ್ ಬೇಡ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಬದುವೇ ಇಲ್ಲದ ಚೇಂಬರಿಗಿಂತ ಅಪಾಯ, ಮಡಿಗೆ ಎಣ್ಣೆಯೇ ಬರುವುದಿಲ್ಲ.

ಇದಕ್ಕಿಂತ ಮೇಲೆ, ಕ್ರ್ಯಾಂಕಿನ ಕೆಳಗೆ ಬರುವುದು ವಿಂಡೇಜ್ ಟ್ರೇ. ತಿರುಗುವ ಕ್ರ್ಯಾಂಕ್ ಮಜ್ಜಿಗೆ ಕಡೆಗೋಲಿನಂತೆ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸದಂತೆ ಈ ತಟ್ಟೆ ತಡೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕಾರ್ಖಾನೆಯಿಂದಲೇ ಬಂದಿರುತ್ತದೆ; ಹೊಸ ಚೇಂಬರ್ ಅದಕ್ಕೆ ತಾಗುತ್ತದೋ ಎಂದು ನೋಡಿಕೊಂಡರೆ ಸಾಕು.

ಲೀಟರ್ ಹೆಚ್ಚಾದರೆ ಎಣ್ಣೆ ತಣ್ಣಗಿರುತ್ತದೆ ಎಂಬುದು ಅರ್ಧ ನಿಜ. ಒಂದು ಲೀಟರ್ ಎಣ್ಣೆ ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.7 ಕಿಲೋಜೂಲ್ ಬೇಕು. ಚೇಂಬರ್ ಹೊರಹಾಕುವುದಕ್ಕಿಂತ 3 ಕಿಲೋವ್ಯಾಟ್ ಹೆಚ್ಚು ಶಾಖ ಎಣ್ಣೆಗೆ ಸೇರುತ್ತಿದೆ ಎಂದುಕೊಂಡರೆ, 4 ಲೀಟರ್ ಎಣ್ಣೆ 40 ಡಿಗ್ರಿ ಏರಲು ಒಂದೂವರೆ ನಿಮಿಷ, ಐದೂವರೆ ಲೀಟರಿಗೆ ಎರಡು ನಿಮಿಷ. ಲಾಭ ಬರೀ ಅರ್ಧ ನಿಮಿಷ. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಎಣ್ಣೆ ಕಾಯುತ್ತಿದೆ ಎಂದಾದರೆ ಬೇಕಾದದ್ದು ಆಯಿಲ್ ಕೂಲರ್.

ಆದರೂ ಹೆಚ್ಚುವರಿ ಒಂದು ಲೀಟರ್ ಉಪಯೋಗಕ್ಕೆ ಬರುತ್ತದೆ, ಅದು ಎಲ್ಲಿ ಕೂರುತ್ತದೆ ಎಂಬುದರ ಮೇಲೆ. ಪಕ್ಕಕ್ಕೆ ಚಾಚಿಕೊಂಡ ಚೇಂಬರ್ ನಮ್ಮ ರಸ್ತೆಗೆ ಸರಿ. ಕೆಳಕ್ಕೆ ಇಳಿದದ್ದು ಅಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಎರಡೂವರೆ ಮೀಟರ್ ವೀಲ್‌ಬೇಸಿನ, ಅಂದರೆ ಮುಂದಿನ-ಹಿಂದಿನ ಗಾಲಿಗಳ ನಡುವೆ ಅಷ್ಟು ಅಂತರದ ಕಾರು ಅದರ ಮೇಲೆ ನಿಂತಾಗ ನಡುಹೊಟ್ಟೆಯ ಕೆಳಗೆ ಕಳೆದುಕೊಳ್ಳುವ ಜಾಗ ಸುಮಾರು 4.6 ಸೆಂಟಿಮೀಟರ್ ಮಾತ್ರ. ಅಂಥ ಹಂಪ್ ಯಾವ ಊರಲ್ಲಿದೆ ಎಂದು ಕೇಳಬೇಡಿ! ಊರಿನವರೇ ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಮಾಡಿದ, ಎರಡಡಿ ಅಗಲದ, 15 ಸೆಂಟಿಮೀಟರ್ ಎತ್ತರದ ದಿಬ್ಬದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದು ತನ್ನ ಎತ್ತರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ವಸೂಲಿ ಮಾಡುತ್ತದೆ. ನೆಲದಿಂದ 165 ಮಿಲಿಮೀಟರ್ ಎತ್ತರ ಇದ್ದ ಗಾಡಿಗೆ ಗಿಡ್ಡ ಸ್ಪ್ರಿಂಗ್ ಹಾಕಿ 40 ತಗ್ಗಿಸಿ, ಮತ್ತೆ 40 ಮಿಲಿಮೀಟರ್ ಹೆಚ್ಚು ಆಳದ ಚೇಂಬರ್ ಕಟ್ಟಿದರೆ ಉಳಿಯುವುದು 85. ಸರಕಾರಿ ಅಳತೆಯ ಹಂಪ್ ಕೂಡ ಆಗ ಭಯದ ವಸ್ತು. ಹಂಪಿನ ಮೇಲೆ ಹತ್ತುವಾಗಲೂ ಬ್ರೇಕ್ ಒತ್ತಿಯೇ ಇದ್ದರೆ ಮೂತಿ ಇನ್ನಷ್ಟು ಬಗ್ಗುತ್ತದೆ. ಮೊದಲೇ ವೇಗ ಇಳಿಸಿ, ಗಾಲಿ ಹತ್ತುವ ಮುನ್ನ ಕಾಲು ಬಿಡಬೇಕು.

ತಗಡಿನ ಚೇಂಬರೋ ಅಲ್ಯೂಮಿನಿಯಂ ಚೇಂಬರೋ? ಅಲ್ಯೂಮಿನಿಯಂ ಹಗುರ, ಶಾಖವನ್ನೂ ಚೆನ್ನಾಗಿ ಬಿಡುತ್ತದೆ. ಆದರೆ ಎರಕದ ಅಲ್ಯೂಮಿನಿಯಂಗೆ ಕಲ್ಲು ಬಡಿದರೆ ಸೀಳುತ್ತದೆ, ಉಕ್ಕಿನ ತಗಡು ತಗ್ಗಾಗುತ್ತದೆ. ಸೀಳಿದ್ದು ಕಣ್ಣಿಗೆ ಕಾಣುತ್ತದೆ, ರಸ್ತೆಯ ಮೇಲೆ ಎಣ್ಣೆಯ ಗೆರೆ ಬೀಳುತ್ತದೆ, ಗಾಡಿ ನಿಲ್ಲಿಸುತ್ತೀರಿ. ತಗ್ಗಿನದು ಮೋಸದ ಪೆಟ್ಟು. ಸ್ಟ್ರೈನರಿಗೂ ತಳಕ್ಕೂ ಇರುವ ಅಂತರ 6ರಿಂದ 10 ಮಿಲಿಮೀಟರ್ ಅಷ್ಟೇ. ತಳ ಅಷ್ಟು ಮೇಲೆದ್ದರೆ ಸ್ಟ್ರೈನರಿನ ಬಾಯಿ ಮುಚ್ಚಿಹೋಗುತ್ತದೆ. ಒಂದು ಹನಿ ಸೋರಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಸರಿಯಾಗಿದೆ, ಎಂಜಿನ್ ಮಾತ್ರ ಒಣಗುತ್ತದೆ. ತಗಡಿಗೆ ಬಲವಾದ ಪೆಟ್ಟು ಬಿದ್ದರೆ ಸೋರಲಿ ಬಿಡಲಿ, ಚೇಂಬರ್ ಇಳಿಸಿಯೇ ನೋಡಬೇಕು. ಇನ್ನೊಂದು ಮಾತು: ಎಣ್ಣೆ ಕುಡಿದ ಹಳೆ ಎರಕಕ್ಕೆ ವೆಲ್ಡಿಂಗ್ ನಿಲ್ಲುವುದು ಕಷ್ಟ. ಬಿಸಿಗೆ ಎಣ್ಣೆ ಆವಿಯಾಗಿ ಬೆಸುಗೆಯಲ್ಲಿ ಸೂಜಿರಂಧ್ರ ಬೀಳುತ್ತವೆ. ಕೆಲವು ಎಂಜಿನ್ನುಗಳಲ್ಲಿ ಎರಕದ ಚೇಂಬರಿಗೇ ಗೇರ್‌ಬಾಕ್ಸ್ ಬೋಲ್ಟ್ ಬರುತ್ತದೆ, ಅದು ಎಂಜಿನ್ನಿನ ಬೆನ್ನೆಲುಬಿನ ಭಾಗ. ಅಲ್ಲಿ ತಗಡಿನ ಚೇಂಬರ್ ಹಾಕುವ ಮಾತೇ ಇಲ್ಲ. ಯಾವುದನ್ನೇ ಹಾಕಿದರೂ ಕೆಳಗೆ 3 ಮಿಲಿಮೀಟರ್ ಉಕ್ಕಿನ ಗಾರ್ಡ್ ಕಟ್ಟಿಸಿ. ಚೇಂಬರಿಗೂ ಅದಕ್ಕೂ ಎರಡು ಬೆರಳಿನ ಜಾಗ ಬಿಡಿ, ಬೋಲ್ಟನ್ನು ಗಾಡಿಯ ಕೆಳಚೌಕಟ್ಟಾದ ಸಬ್‌ಫ್ರೇಮಿಗೆ ಹಾಕಿ, ಚೇಂಬರಿಗಲ್ಲ.

ಕೊಳ್ಳುವ ಮುನ್ನ ಗಾಡಿಯ ಕೆಳಗೆ ಮಲಗಿ ಅಳತೆ ತೆಗೆಯಬೇಕು. ಒಂದೇ ಎಂಜಿನ್ ಬೇರೆ ಬೇರೆ ಕಾರಿನಲ್ಲಿ ಬಂದಾಗ ಚೇಂಬರಿನ ಹೊಂಡ ಒಮ್ಮೆ ಮುಂದೆ, ಒಮ್ಮೆ ಹಿಂದೆ ಇರುತ್ತದೆ. ಸ್ಟೀರಿಂಗ್ ರ‍್ಯಾಕ್, ಸಬ್‌ಫ್ರೇಮ್, ಸೈಲೆನ್ಸರ್ ಪೈಪ್, ಡ್ರೈವ್ ಶಾಫ್ಟ್ ಇವುಗಳಿಗೆ ತಾಗಬಾರದು. ಟರ್ಬೊ ಇದ್ದರೆ ಎಣ್ಣೆ ವಾಪಸ್ ಬರುವ ತೂತು ಎಣ್ಣೆ ಮಟ್ಟಕ್ಕಿಂತ ಮೇಲೆ ಇರಬೇಕು, ಒಳಗಾತ್ರ 16 ಮಿಲಿಮೀಟರಿಗೆ ಕಡಿಮೆ ಬೇಡ. ಟರ್ಬೊದಿಂದ ಎಣ್ಣೆ ತನ್ನ ಭಾರಕ್ಕೇ ಇಳಿಯಬೇಕು. ದಾರಿ ಕಟ್ಟಿದರೆ ಟರ್ಬೊ ಸೀಲಿನಿಂದ ಸೋರಿ ನೀಲಿ ಹೊಗೆ ಬರುತ್ತದೆ. ಸ್ಟ್ರೈನರನ್ನು ಚೇಂಬರಿನ ಜೊತೆಗೇ, ಅದಕ್ಕೆಂದೇ ಮಾಡಿದ್ದನ್ನು ತೆಗೆದುಕೊಳ್ಳಿ. ಹಳೆಯದನ್ನು ಬಗ್ಗಿಸಿ ಹೊಂದಿಸುವ ಉಳಿತಾಯ ತುಟ್ಟಿ ಬೀಳುತ್ತದೆ.

ವೆಲ್ಡ್ ಮಾಡಿದ ಚೇಂಬರನ್ನು ಕಟ್ಟುವ ಹಿಂದಿನ ರಾತ್ರಿ ಪರೀಕ್ಷಿಸುವ ಹಳೇ ಉಪಾಯ ಇದೆ. ಬೆಸುಗೆಯ ಹೊರಮೈಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಸುರಿಯಿರಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಸೂಜಿಮೊನೆಯ ರಂಧ್ರ ಇದ್ದರೂ ಬೆಳಿಗ್ಗೆ ಬಿಳಿ ಸುಣ್ಣದ ಮೇಲೆ ಒದ್ದೆ ಕಲೆ ಕಾಣುತ್ತದೆ.

ಸ್ಟ್ರೈನರಿನ ಅಂತರ ನೋಡಲು ಮಕ್ಕಳು ಆಡುವ ಬಣ್ಣದ ಜೇಡಿ ಸಾಕು. ಉಂಡೆ ಮಾಡಿ ಸ್ಟ್ರೈನರಿನ ಬಾಯಿಗೆ ಅಂಟಿಸಿ, ಪ್ಯಾಕಿಂಗ್ ಸಮೇತ ಚೇಂಬರ್ ಹಿಡಿದು ನಾಲ್ಕು ಬೋಲ್ಟ್ ಹಾಕಿ ಬಿಚ್ಚಿ, ಚಪ್ಪಟೆಯಾದ ಜೇಡಿಯ ದಪ್ಪ ಅಳೆಯಿರಿ. 6ಕ್ಕಿಂತ ಕಡಿಮೆ ಇದ್ದರೆ ಎಣ್ಣೆ ಹೀರಲು ಕಷ್ಟ, 10ಕ್ಕಿಂತ ಹೆಚ್ಚಿದ್ದರೆ ಬೇಗ ಗಾಳಿ ಹೀರುತ್ತದೆ. ಸ್ಟ್ರೈನರ್ ಪಂಪಿಗೆ ಸೇರುವ ಕಡೆ ರಬ್ಬರ್ ಓ-ರಿಂಗ್ ಇದ್ದರೆ ಹೊಸದನ್ನೇ ಹಾಕಿ, ಎಣ್ಣೆ ಸವರಿ ಕೂರಿಸಿ. ಅದು ಮಡಚಿಕೊಂಡರೆ ಚೇಂಬರ್ ತುಂಬ ಎಣ್ಣೆ ಇದ್ದರೂ ಪಂಪ್ ಆ ಸಂದಿಯಿಂದ ಗಾಳಿ ಎಳೆಯುತ್ತದೆ.

ಸಿಲಿಕಾನ್ ಪೇಸ್ಟ್ 3 ಮಿಲಿಮೀಟರ್ ದಪ್ಪದ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಗೆ. ಕೈ ಧಾರಾಳ ಮಾಡಿದರೆ ಒಳಗೆ ಉಕ್ಕಿದ ಪೇಸ್ಟ್ ಮುಂದೊಂದು ದಿನ ಕಳಚಿ ಸ್ಟ್ರೈನರ್ ಜಾಳಿಗೆಗೆ ಅಂಟಿಕೊಳ್ಳುತ್ತದೆ. 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಬಿಗಿತ, ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ. ಒಂದು ರಾತ್ರಿ ಒಣಗಲು ಬಿಟ್ಟು ಎಣ್ಣೆ ಹಾಕಿ. ಹೊಸ ಚೇಂಬರಿಗೆ ಹಳೆ ಡಿಪ್‌ಸ್ಟಿಕ್ ಗುರುತು ಹೊಂದುತ್ತದೆಂದು ತಿಳಿಯಬೇಡಿ. ಚೇಂಬರ್ ಮಾಡಿದವರು ಹೇಳಿದಷ್ಟು ಎಣ್ಣೆ ಅಳೆದು ಸುರಿದು, ಮಟ್ಟ ಎಲ್ಲಿ ಬರುತ್ತದೋ ಅಲ್ಲಿ ಗೀರು ಹಾಕಿ. ಆಮೇಲೆ ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್ ತೆಗೆದು, ಒತ್ತಡ ಏರುವವರೆಗೆ ಐದೈದು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ.

ಡ್ರೈ ಸಂಪ್ ಇದಕ್ಕೆಲ್ಲ ಉತ್ತರವಲ್ಲವೇ ಎಂದರೆ ಹೌದು. ಫಾರ್ಮುಲಾ ಒನ್ ಕಾರಿನಲ್ಲಿ, ಪೋರ್ಷೆ 911 ಜಿಟಿ3ಯಲ್ಲಿ ಇರುವುದು ಅದೇ: ಎಣ್ಣೆ ಬೇರೆ ಟ್ಯಾಂಕಿನಲ್ಲಿ, ಚೇಂಬರ್ ಬರೀ ತೆಳ್ಳನೆಯ ತಟ್ಟೆ. ಆದರೆ ಹೆಚ್ಚುವರಿ ಪಂಪು, ಬೆಲ್ಟು, ಪೈಪು ಸೇರಿ ವೆಚ್ಚ ಏರುತ್ತದೆ, ಕೆಡುವ ಜಾಗಗಳೂ ಹೆಚ್ಚುತ್ತವೆ. ರಸ್ತೆಯ ಗಾಡಿಗೆ ಅತಿಯಾಯಿತು.

ಆಯಸ್ಕಾಂತದ ಡ್ರೈನ್ ಬೋಲ್ಟ್ ಹಾಕಿಸುವುದು ಒಳ್ಳೆಯದೇ. ಎಣ್ಣೆ ಬದಲಿಸುವಾಗ ಅದರ ತುದಿಗೆ ಬೂದುಬಣ್ಣದ ನುಣುಪು ಕೆಸರು ಅಂಟಿದ್ದರೆ ಸಹಜ ಸವೆತ. ಚೂರುಗಳಿದ್ದರೆ ಗಾಡಿ ಓಡಿಸಬೇಡಿ. ಬೇರಿಂಗಿನ ಮೇಲ್ಪದರ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಬಸಿದ ಎಣ್ಣೆಯಲ್ಲಿ ಹೊಳೆಯುವ ಪುಡಿಯಾಗಿ ಹುಡುಕಬೇಕು. ಸಂಡೂರು, ತೋರಣಗಲ್ಲು ಕಡೆ ಓಡಾಡುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿನ ಕೆಂಪು ಧೂಳು ಹೆಮಟೈಟ್ ಅದಿರು. ಕಬ್ಬಿಣದ ಅದಿರಾದರೂ ಸಾಮಾನ್ಯ ಆಯಸ್ಕಾಂತ ಅದನ್ನು ಹಿಡಿಯುವುದಿಲ್ಲ, ಆದರೆ ಬೇರಿಂಗಿನ ಲೋಹಕ್ಕಿಂತ ಅದು ಎಷ್ಟೋ ಗಟ್ಟಿ. ಒಳಗೆ ಹೋದದ್ದನ್ನು ಆ ಬೋಲ್ಟ್ ತಡೆಯಲಾರದು. ಹೊಸ ಚೇಂಬರ್ ಕಟ್ಟಿದ ದಿನವೇ ಏರ್ ಫಿಲ್ಟರ್ ಬದಲಿಸಿ, ಡಿಪ್‌ಸ್ಟಿಕ್ ಹಿಡಿಯ ಕೆಳಗಿನ ರಬ್ಬರ್ ರಿಂಗ್ ಒಣಗಿ ಬಿರಿದಿದೆಯೇ ನೋಡಿ.