ನೂರೆಂಟು ವರ್ಷ, ನೂರೆಂಟು ನೆಪ: ಸೋಲುವ ಕಬ್ಸ್‌ಗೆ ಗ್ಯಾಲರಿ ತುಂಬಿದ್ದು ಹೇಗೆ

1966ರಲ್ಲಿ ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡ 59 ಪಂದ್ಯ ಗೆದ್ದು 103 ಸೋತಿತು. ಆ ವರ್ಷ ಅದರ ಮೈದಾನ ರಿಗ್ಲಿ ಫೀಲ್ಡ್‌ಗೆ ಬಂದವರು ಸುಮಾರು 6.36 ಲಕ್ಷ ಜನ. ಸೆಪ್ಟೆಂಬರಿನ ಕೆಲವು ಮಧ್ಯಾಹ್ನಗಳಲ್ಲಿ ಗ್ಯಾಲರಿಯಲ್ಲಿ ಸಾವಿರ ಜನವೂ ಇರಲಿಲ್ಲ. ನಲವತ್ತು ವರ್ಷ ಕಳೆದು 2006ರಲ್ಲಿ ಅದೇ ತಂಡ 66 ಗೆದ್ದು 96 ಸೋತು ತನ್ನ ಗುಂಪಿನಲ್ಲಿ ಕೊನೆಗೆ ಬಿತ್ತು. ಆ ವರ್ಷ ಬಂದವರು 31 ಲಕ್ಷಕ್ಕೂ ಹೆಚ್ಚು. ಮೈದಾನ ಅದೇ, ಸೋಲೂ ಹೆಚ್ಚುಕಡಿಮೆ ಅಷ್ಟೇ, ಜನ ಮಾತ್ರ ಸುಮಾರು ಐದು ಪಟ್ಟು. ಆ ನಲವತ್ತು ವರ್ಷಗಳಲ್ಲಿ ಬೇಸ್‌ಬಾಲ್ ನೋಡಲು ಬರುವವರು ಎಲ್ಲ ಊರಲ್ಲೂ ಹೆಚ್ಚಿದರು, ನಿಜ. ಆದರೆ ತಂಡವೊಂದರ ಸರಾಸರಿ ಏರಿದ್ದು ಎರಡು ಪಟ್ಟಿನ ಆಸುಪಾಸಿಗೆ.

ಸೋಲುವ ತಂಡದ ನಿಷ್ಠಾವಂತ ಅಭಿಮಾನಿ ಎಂದರೆ ಅಮೆರಿಕದಲ್ಲಿ ಮೊದಲು ನೆನಪಾಗುತ್ತಿದ್ದವನು ಕಬ್ಸ್ ಅಭಿಮಾನಿ. 1908ರಿಂದ 2016ರವರೆಗೆ, ಅಂದರೆ 108 ವರ್ಷ, ತಂಡ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ, ಗೆಲ್ಲಲಿಲ್ಲ. ಬೇಸ್‌ಬಾಲ್ ಚೆಂಡಿನ ಮೇಲಿರುವ ಜೋಡಿ ಹೊಲಿಗೆಗಳೂ 108 ಎಂಬುದನ್ನು ಅಲ್ಲಿನವರು ಹುಡುಕಿ ತೆಗೆದಿದ್ದಾರೆ. ನಮಗೆ ನೂರೆಂಟು ಎಂದರೆ ಜಪಮಾಲೆಯ ಲೆಕ್ಕವೂ ಹೌದು, ಲೆಕ್ಕವಿಲ್ಲದ್ದು ಎಂಬ ಅರ್ಥವೂ ಹೌದು. ಕಬ್ಸ್ ವಿಷಯಕ್ಕೆ ಎರಡನೆಯದೇ ಒಪ್ಪುತ್ತದೆ. ಸೋಲಿಗೆ ಅಲ್ಲಿ ಹೇಳಿದ ನೆಪಗಳು ನಿಜಕ್ಕೂ ನೂರೆಂಟು: ಮೇಕೆ, ಬೆಕ್ಕು, ಗ್ಯಾಲರಿಯಲ್ಲಿ ಕುಳಿತ ಒಬ್ಬ ಬಡಪಾಯಿ ಪ್ರೇಕ್ಷಕ.

ಮೇಕೆಯಿಂದಲೇ ಶುರು ಮಾಡೋಣ. 1945ರ ಅಕ್ಟೋಬರ್ 6, ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ. ಗ್ರೀಸ್‌ನಿಂದ ವಲಸೆ ಬಂದು ಶಿಕಾಗೊದಲ್ಲಿ ಹೆಂಡದಂಗಡಿ ನಡೆಸುತ್ತಿದ್ದ ಬಿಲ್ಲಿ ಸಿಯಾನಿಸ್ ತನ್ನ ಮೇಕೆಗೂ ಸೇರಿಸಿ ಎರಡು ಟಿಕೆಟ್ ಹಿಡಿದು ಬಂದ. ಗೇಟಿನಲ್ಲೇ ತಡೆದರು ಎನ್ನುವವರಿದ್ದಾರೆ, ಒಳಗೆ ಬಿಟ್ಟು ಆಮೇಲೆ ವಾಸನೆಯೆಂದು ಹೊರಗಟ್ಟಿದರು ಎನ್ನುವವರೂ ಇದ್ದಾರೆ. ಅಂತೂ ಅವನು ಶಾಪ ಹಾಕಿದ, ಕಬ್ಸ್ ಆ ಸರಣಿಯನ್ನು 4-3ರಿಂದ ಸೋತಿತು, ಮತ್ತೆ ಎಪ್ಪತ್ತೊಂದು ವರ್ಷ ವರ್ಲ್ಡ್ ಸೀರೀಸ್ ಮೆಟ್ಟಿಲು ಹತ್ತಲಿಲ್ಲ. ಕಥೆ ಚೆನ್ನಾಗಿದೆ. ಆದರೆ 1908ರ ಗೆಲುವಿನ ಬಳಿಕ, ಮೇಕೆ ಬರುವುದಕ್ಕೆ ಮೊದಲೇ, 1910, 1918, 1929, 1932, 1935, 1938ರಲ್ಲಿ, ಕಬ್ಸ್ ಆರು ಸಲ ವರ್ಲ್ಡ್ ಸೀರೀಸ್ ಸೋತಾಗಿತ್ತು. ಆ ಆರಕ್ಕೆ ಯಾವ ಪ್ರಾಣಿಯನ್ನು ದೂರುವುದು?

ನಿಜವಾದ ಕಾರಣಗಳು ಕಚೇರಿಯಲ್ಲಿದ್ದವು. ಚೂಯಿಂಗ್ ಗಮ್ ವ್ಯಾಪಾರದ ರಿಗ್ಲಿ ಕುಟುಂಬದ ಕೈಯಲ್ಲಿ ತಂಡವಿತ್ತು. 1932ರಲ್ಲಿ ತಂದೆ ತೀರಿಕೊಂಡ ಮೇಲೆ ಫಿಲಿಪ್ ರಿಗ್ಲಿ ಒಡೆಯನಾದ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸಣ್ಣ ಊರುಗಳ ಕಿರಿಯ ತಂಡಗಳನ್ನು ಕೊಂಡು ಹುಡುಗರನ್ನು ಅಲ್ಲೇ ಪಳಗಿಸುವ ಪದ್ಧತಿ ಕಟ್ಟುತ್ತಿದ್ದಾಗ ರಿಗ್ಲಿ ಅದನ್ನು ನೆಚ್ಚಲಿಲ್ಲ. ಅವನ ಲೆಕ್ಕ ಬೇರೆ: ತಂಡ ಗೆಲ್ಲುತ್ತದೆಂದು ಯಾರೂ ಮಾತು ಕೊಡಲಾರರು, ಬಿಸಿಲು, ಹಸಿರು, ಸುಂದರ ಮೈದಾನ ಸಿಗುತ್ತದೆಂದು ಕೊಡಬಹುದು. ಜಾಹೀರಾತಿನಲ್ಲಿ ಮಾರಿದ್ದೂ ಮೈದಾನವನ್ನೇ. ಕಪ್ಪು ವರ್ಣದ ಆಟಗಾರರಿಗೆ 1947ರಲ್ಲಿ ಬ್ರೂಕ್ಲಿನ್ ತಂಡ ಬಾಗಿಲು ತೆರೆದರೆ, ಕಬ್ಸ್ ಪರ ಅರ್ನಿ ಬ್ಯಾಂಕ್ಸ್ ಕಣಕ್ಕಿಳಿದದ್ದು 1953ರ ಸೆಪ್ಟೆಂಬರಿನಲ್ಲಿ. ಆ ಆರು ವರ್ಷಗಳಲ್ಲಿ ಸಿಗಬಹುದಾಗಿದ್ದ ಪ್ರತಿಭೆ ಬೇರೆ ತಂಡಗಳ ಪಾಲಾಯಿತು. 1947ರಿಂದ 1966ರವರೆಗೆ ಸತತ 20 ಸೀಸನ್ ಕಬ್ಸ್ ಲೀಗಿನ ಕೆಳ ಅರ್ಧದಲ್ಲೇ ಮುಗಿಸಿತು.

ಆ ಕಾಲದ ವಿಚಿತ್ರ ಪ್ರಯೋಗವೊಂದಿದೆ. 1961ರಲ್ಲಿ ರಿಗ್ಲಿ ಮ್ಯಾನೇಜರ್ ಹುದ್ದೆಯನ್ನೇ ತೆಗೆದುಹಾಕಿದ. ತರಬೇತುದಾರರ ಒಂದು ಮಂಡಳಿ, ಅದರಲ್ಲಿ ಸರದಿಯಂತೆ ಒಬ್ಬೊಬ್ಬ ಮುಖ್ಯಸ್ಥ. ಒಬ್ಬ ಹೇಳಿಕೊಟ್ಟ ಬ್ಯಾಟಿಂಗ್ ಭಂಗಿಯನ್ನು ಮುಂದಿನವನು ಬಂದು ಬದಲಿಸುತ್ತಿದ್ದ. ಯಾರ ಮಾತು ಕೇಳುವುದೆಂದು ಹುಡುಗರಿಗೆ ತಿಳಿಯುತ್ತಿರಲಿಲ್ಲ. 1962ರಲ್ಲಿ 59 ಗೆಲುವು, 103 ಸೋಲು. ಅದೇ ವರ್ಷ ಹುಟ್ಟಿದ ಹ್ಯೂಸ್ಟನ್ ತಂಡ ಕೂಡ ಕಬ್ಸ್‌ಗಿಂತ ಮೇಲೆ ನಿಂತಿತು. 1964ರ ಜೂನ್ 15ರಂದು ಲೂ ಬ್ರಾಕ್ ಎಂಬ 24 ವರ್ಷದ ಹುಡುಗನನ್ನು ಕಾರ್ಡಿನಲ್ಸ್‌ಗೆ ಕೊಟ್ಟು ಅರ್ನಿ ಬ್ರೋಲಿಯೊ ಎಂಬ ಪಿಚರನ್ನು ತಂದರು. ಪಿಚರ್ ಎಂದರೆ ಚೆಂಡೆಸೆಯುವವ, ನಮ್ಮ ಬೌಲರ್ ಇದ್ದಂತೆ. ಬ್ರೋಲಿಯೊನ ಕೈ ಆಗಲೇ ಸೋತಿತ್ತು. ಕಬ್ಸ್ ಪರ ಅವನ ಲೆಕ್ಕದಲ್ಲಿ 7 ಗೆಲುವು, 19 ಸೋಲು. ಬ್ರಾಕ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದ, ಮುಂದೆ 3,023 ಹಿಟ್ ಮತ್ತು ಕದ್ದ 938 ಬೇಸ್‌ಗಳೊಂದಿಗೆ ನಿವೃತ್ತನಾದ. ಬೇಸ್ ಎಂದರೆ ರನ್ನಿಗಾಗಿ ಓಡುವವನು ಒಂದೊಂದಾಗಿ ಮುಟ್ಟಬೇಕಾದ ನೆಲೆ, ಯಾರೂ ಚೆಂಡು ಹೊಡೆಯದಿದ್ದರೂ ಓಡಿ ಮುಂದಿನದನ್ನು ಮುಟ್ಟಿದರೆ ಅದು ಕದ್ದದ್ದು. 1992ರ ನಂತರ ಗ್ರೆಗ್ ಮ್ಯಾಡಕ್ಸ್‌ನನ್ನು ಅಟ್ಲಾಂಟಾಕ್ಕೆ ಬಿಟ್ಟುಕೊಟ್ಟದ್ದೂ ಇದೇ ಜಾತಿಯ ತಪ್ಪು. ಅವನು ಅಲ್ಲಿ ಸತತ ಮೂರು ವರ್ಷ ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿ ಪಡೆದ. ಇದರಲ್ಲೂ ಮೇಕೆಯ ಕೈವಾಡವಿಲ್ಲ.

ನೆಪ ಯಾವುದು, ಕಾರಣ ಯಾವುದು ಎಂದು ಜರಡಿ ಹಿಡಿಯಲು ಬೇಸ್‌ಬಾಲ್ ಬಲ್ಲವರು ಬಳಸುವ ಒಂದು ಸರಳ ಲೆಕ್ಕವಿದೆ. ತಂಡ ಇಡೀ ಸೀಸನ್ ಗಳಿಸಿದ ರನ್‌ಗಳಿಂದ ಬಿಟ್ಟುಕೊಟ್ಟ ರನ್‌ಗಳನ್ನು ಕಳೆಯಿರಿ. ಬಂದದ್ದನ್ನು 10ರಿಂದ ಭಾಗಿಸಿ, ಸೀಸನ್ನಿನ 162 ಪಂದ್ಯಗಳ ಅರ್ಧವಾದ 81ಕ್ಕೆ ಕೂಡಿಸಿ. ತಂಡ ಎಷ್ಟು ಗೆಲ್ಲಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ನಾಲ್ಕೈದು ಪಂದ್ಯದ ಹೆಚ್ಚುಕಡಿಮೆ ಸಹಜ, ಹತ್ತು ಬಂದರೆ ಅದು ಅದೃಷ್ಟವೋ ದುರದೃಷ್ಟವೋ ಇರಬೇಕು.

ಇದನ್ನು 1969ಕ್ಕೆ ಹಚ್ಚಿ ನೋಡಿ. ಆ ವರ್ಷದ ಆಗಸ್ಟ್ ಮಧ್ಯದಲ್ಲಿ ಕಬ್ಸ್ ಮುಂಚೂಣಿಯಲ್ಲಿತ್ತು. ಸೆಪ್ಟೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಮೆಟ್ಸ್ ವಿರುದ್ಧ ಆಡುವಾಗ ಕಪ್ಪು ಬೆಕ್ಕೊಂದು ಕಬ್ಸ್ ಆಟಗಾರರು ಕೂರುವ ಜಾಗದ ಮುಂದೆ ಹಾದುಹೋಯಿತು. ಸೀಸನ್ ಮುಗಿದಾಗ ಮೆಟ್ಸ್ 8 ಪಂದ್ಯ ಮುಂದಿತ್ತು. ಎಲ್ಲರೂ ಬೆಕ್ಕನ್ನು ಹಿಡಿದರು. ಲೆಕ್ಕ ಹೇಳುವುದು ಇಷ್ಟು: ಕಬ್ಸ್ ಗಳಿಸಿದ್ದು 720, ಬಿಟ್ಟುಕೊಟ್ಟದ್ದು 611, ವ್ಯತ್ಯಾಸ 109, 81ಕ್ಕೆ 11 ಕೂಡಿಸಿದರೆ 92. ಅದು ಗೆದ್ದದ್ದೂ 92. ಮೆಟ್ಸ್ ಗಳಿಸಿದ್ದು 632, ಬಿಟ್ಟದ್ದು 541. ಗೆಲ್ಲಬೇಕಿದ್ದದ್ದು 90, ಗೆದ್ದದ್ದು 100. ಅಂದರೆ ಬೆಕ್ಕು ಕಬ್ಸ್‌ಗೆ ಏನೂ ಮಾಡಲಿಲ್ಲ. ಮಾಡಿದ್ದರೆ ಮೆಟ್ಸ್‌ಗೆ ಹತ್ತು ಪಂದ್ಯ ದಾನ ಮಾಡಿತ್ತು.

2003ರದ್ದು ಹೆಚ್ಚು ಕ್ರೂರ. ಅಕ್ಟೋಬರ್ 14, ರಿಗ್ಲಿ ಫೀಲ್ಡ್, ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯಲ್ಲಿ ಫ್ಲಾರಿಡಾ ಮಾರ್ಲಿನ್ಸ್ ವಿರುದ್ಧ ಆರನೇ ಪಂದ್ಯ. 1908ರಲ್ಲಿ ಕಬ್ಸ್ ಕೊನೆಯದಾಗಿ ಗೆದ್ದ ದಿನಾಂಕವೂ ಅದೇ. ಎಂಟನೇ ಇನ್ನಿಂಗ್ಸ್, 3-0 ಮುನ್ನಡೆ, ಇನ್ನು ಐದು ಔಟ್ ಸಿಕ್ಕರೆ ವರ್ಲ್ಡ್ ಸೀರೀಸ್. ಲೂಯಿಸ್ ಕಾಸ್ಟಿಯೊ ಹೊಡೆದ ಚೆಂಡು ಎಡಗಡೆಯ ಗೋಡೆಯತ್ತ ಬಂತು. ಫೀಲ್ಡರ್ ಮೊಯ್ಸೆಸ್ ಅಲೂ ಗೋಡೆಗೆ ಹಾರಿ ಕೈಯೆತ್ತಿದ, ಮುಂದಿನ ಸಾಲಿನ ಪ್ರೇಕ್ಷಕರೂ ಕೈ ಚಾಚಿದರು, ಚೆಂಡು ಒಬ್ಬನ ಕೈಗೆ ತಾಗಿ ಬಿತ್ತು. ನಿಯಮ ಸ್ಪಷ್ಟ: ಚೆಂಡು ಗೋಡೆ ದಾಟಿ ಆಸನಗಳ ಮೇಲಿದ್ದರೆ ಪ್ರೇಕ್ಷಕನಿಗೂ ಅದರ ಮೇಲೆ ಅಷ್ಟೇ ಹಕ್ಕು. ಅಡ್ಡಿ ಎನಿಸುವುದು ಅವನು ಮೈದಾನದೊಳಕ್ಕೆ ಕೈ ಚಾಚಿದಾಗ ಮಾತ್ರ. ಅಂಪೈರ್ ಅಡ್ಡಿ ಕೊಡಲಿಲ್ಲ. ಆಮೇಲೆ ನಡೆದದ್ದನ್ನು ಸಾಲಾಗಿ ನೋಡಿ. ಕಾಸ್ಟಿಯೊಗೆ ನಾಲ್ಕು ಕೆಟ್ಟ ಎಸೆತ, ಪುಕ್ಕಟೆ ಬೇಸ್. ಒಂದು ಹಿಟ್, ಒಂದು ರನ್. ನಂತರ ಶಾರ್ಟ್‌ಸ್ಟಾಪ್ ಎಂಬ ಜಾಗದ ಫೀಲ್ಡರ್ ಅಲೆಕ್ಸ್ ಗೊನ್ಜಾಲೆಸ್‌ನತ್ತ ಸಲೀಸಾಗಿ ಉರುಳಿ ಬಂದ ಚೆಂಡು. ಹಿಡಿದಿದ್ದರೆ ಎರಡು ಔಟ್ ಸಿಕ್ಕಿ ಇನ್ನಿಂಗ್ಸ್ ಅಲ್ಲಿಗೇ ಮುಗಿಯಬಹುದಿತ್ತು. ಕೈಜಾರಿತು. ಮಾರ್ಲಿನ್ಸ್ ಆ ಇನ್ನಿಂಗ್ಸಿನಲ್ಲಿ ಎಂಟು ರನ್ ಹೊಡೆದರು. ಏಳನೇ ಪಂದ್ಯ ಮರುದಿನ ಬಾಕಿಯೇ ಇತ್ತು, ಅದನ್ನೂ ಕಬ್ಸ್ 9-6ರಿಂದ ಸೋತಿತು. ಆದರೂ ಊರು ಬೈದದ್ದು ಆ ಪ್ರೇಕ್ಷಕನನ್ನು. ಪೊಲೀಸ್ ರಕ್ಷಣೆ ಬೇಕಾಗುವಷ್ಟು. ನಿಷ್ಠೆಗೆ ಇಂಥದ್ದೊಂದು ಮುಖವೂ ಇದೆ. 2016ರ ಗೆಲುವಿನ ಬಳಿಕ ತಂಡ ಅವನಿಗೂ ಒಂದು ಚಾಂಪಿಯನ್ ಉಂಗುರ ಕೊಟ್ಟಿತು.

ಇನ್ನು ಮೊದಲ ಪ್ರಶ್ನೆಗೆ ಬರೋಣ. 1966ಕ್ಕೂ 2006ಕ್ಕೂ ನಡುವೆ ಆದದ್ದೇನು?

ಬೀಜ ಬಿದ್ದದ್ದು 1920ರ ದಶಕದಲ್ಲಿ. ರೇಡಿಯೊದಲ್ಲಿ ಪಂದ್ಯ ಕೇಳಿಸಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂದು ಬೇರೆ ಒಡೆಯರು ಹೆದರುತ್ತಿದ್ದಾಗ ಹಿರಿಯ ರಿಗ್ಲಿ ಕೇಳಿದ ಸ್ಟೇಷನ್‌ಗಳಿಗೆಲ್ಲ ಪ್ರಸಾರ ಮಾಡಲು ಬಿಟ್ಟ. 1927ರಲ್ಲಿ ನ್ಯಾಷನಲ್ ಲೀಗಿನಲ್ಲಿ ಮೊದಲ ಬಾರಿಗೆ 10 ಲಕ್ಷ ಪ್ರೇಕ್ಷಕರನ್ನು ದಾಟಿದ ತಂಡ ಕಬ್ಸ್. ಆಗ ಅದು ಗೆಲ್ಲುವ ತಂಡವೂ ಆಗಿತ್ತೆನ್ನಿ. 1937ರಲ್ಲಿ ಗೋಡೆಗೆ ಬಳ್ಳಿ ಹಬ್ಬಿಸಿದರು, ಕೈಯಿಂದ ಸಂಖ್ಯೆ ಬದಲಿಸುವ ದೊಡ್ಡ ಸ್ಕೋರ್‌ಬೋರ್ಡ್ ನಿಲ್ಲಿಸಿದರು. ಎರಡೂ ಇಂದಿಗೂ ಇವೆ. ಚೆಂಡು ಬಳ್ಳಿಯಲ್ಲಿ ಸಿಕ್ಕಿಕೊಂಡರೆ ಫೀಲ್ಡರ್ ಅದನ್ನು ತಡಕಾಡಬಾರದು, ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಆಗ ಬ್ಯಾಟರ್‌ಗೆ ಎರಡು ಬೇಸ್ ಮಾತ್ರ. ಕೈ ಹಾಕಿ ಹುಡುಕತೊಡಗಿದರೆ ಬ್ಯಾಟರ್ ಓಡುತ್ತಲೇ ಇರಬಹುದು. ಸ್ಕೋರ್‌ಬೋರ್ಡ್ ಮೇಲೆ ಪಂದ್ಯ ಮುಗಿದೊಡನೆ ಬಾವುಟ ಏರುತ್ತದೆ: ಗೆದ್ದರೆ ಬಿಳಿಯ ಮೇಲೆ ನೀಲಿ ಡಬ್ಲ್ಯು, ಸೋತರೆ ನೀಲಿಯ ಮೇಲೆ ಬಿಳಿ ಎಲ್. ಪಕ್ಕದ ಮೇಲ್ಸೇತುವೆಯಲ್ಲಿ ರೈಲಿನಲ್ಲಿ ಮನೆಗೆ ಹೋಗುವವರಿಗೆ ಫಲಿತಾಂಶ ತಿಳಿಯಲಿ ಎಂದು ಮಾಡಿದ ಏರ್ಪಾಡು.

ಸ್ಕೋರ್‌ಬೋರ್ಡಿನ ಮೇಲಿನ ಉಳಿದ ಬಾವುಟಗಳನ್ನು ಓದುವುದು ಅಲ್ಲಿನ ಅಭಿಮಾನಿ ಮೊದಲು ಕಲಿಯುವ ವಿದ್ಯೆ. ಮಿಷಿಗನ್ ಸರೋವರ ಪೂರ್ವಕ್ಕೆ ಹತ್ತಿರದಲ್ಲೇ ಇದೆ. ಗಾಳಿ ಅಲ್ಲಿಂದ ಒಳಗೆ ಬೀಸಿದರೆ ಎತ್ತರಕ್ಕೆ ಹೊಡೆದ ಚೆಂಡು ಸತ್ತು ಬೀಳುತ್ತದೆ, ಹೊರಗೆ ಬೀಸಿದರೆ ಸಾಧಾರಣ ಹೊಡೆತವೂ ಗೋಡೆ ದಾಟುತ್ತದೆ. 1979ರ ಮೇ 17ರಂದು ಗಾಳಿ ಹೊರಗಿತ್ತು. ಕಬ್ಸ್ 22 ರನ್ ಹೊಡೆಯಿತು. ಫಿಲಡೆಲ್ಫಿಯಾ 23.

ಇವೆಲ್ಲ ಇದ್ದೂ 1966ರಲ್ಲಿ ಜನ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಳ್ಳಿ ಒಂದೇ ಸಾಲಲಿಲ್ಲ. ಮರಳಿ ಕರೆತಂದದ್ದು 1969ರ ತಂಡ. ಆ ವರ್ಷ ಪ್ರೇಕ್ಷಕರು 16 ಲಕ್ಷ ದಾಟಿದರು. ಅಗ್ಗದ ಗ್ಯಾಲರಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕಿರುಚುವ ಒಂದು ಪಡೆ ಹುಟ್ಟಿಕೊಂಡಿತು. ಎದುರಾಳಿ ಗೋಡೆ ದಾಟಿಸಿದ ಹೊಡೆತದ, ಅಂದರೆ ಹೋಮ್ ರನ್ನಿನ, ಚೆಂಡು ಕೈಗೆ ಸಿಕ್ಕರೆ ಇಟ್ಟುಕೊಳ್ಳದೆ ಮೈದಾನಕ್ಕೆ ವಾಪಸ್ ಎಸೆಯುವ ಪದ್ಧತಿ ಅಲ್ಲಿಯದು. ಅದಕ್ಕಿಂತ ದೊಡ್ಡ ಕಾರಣ ಟಿವಿ. ಶಿಕಾಗೊದ ಡಬ್ಲ್ಯುಜಿಎನ್ ಚಾನೆಲ್ 1978ರಲ್ಲಿ ಉಪಗ್ರಹದ ಮೂಲಕ ದೇಶವೆಲ್ಲ ಸಿಗತೊಡಗಿತು. ಅದರ ಒಡೆತನದ ಟ್ರಿಬ್ಯೂನ್ ಕಂಪನಿಯೇ 1981ರಲ್ಲಿ 2.05 ಕೋಟಿ ಡಾಲರಿಗೆ ತಂಡವನ್ನು ಕೊಂಡಿತು. 1988ರ ಆಗಸ್ಟ್‌ವರೆಗೆ ರಿಗ್ಲಿ ಫೀಲ್ಡ್‌ನಲ್ಲಿ ದೀಪವಿರಲಿಲ್ಲ. 1941ರಲ್ಲಿ ತರಿಸಿದ್ದ ಸಾಮಗ್ರಿಯನ್ನು ರಿಗ್ಲಿ ಯುದ್ಧಕ್ಕೆ ಕೊಟ್ಟುಬಿಟ್ಟಿದ್ದ. ಹಾಗಾಗಿ ತವರಿನ ಪಂದ್ಯವೆಲ್ಲ ಮಧ್ಯಾಹ್ನ. ಶಾಲೆ ಬಿಟ್ಟು ಬಂದ ಮಕ್ಕಳು ಟಿವಿ ಹಾಕಿದರೆ ಕಬ್ಸ್. ತಮ್ಮದೇ ತಂಡವಿಲ್ಲದ ದೂರದ ಊರಿನ ಮಕ್ಕಳಿಗೂ ಕಬ್ಸೇ ತಂಡವಾಯಿತು. ಗೆಲ್ಲುತ್ತದೆಂದು ಯಾರೂ ಆರಿಸಿಕೊಂಡದ್ದಲ್ಲ, ಆ ಹೊತ್ತಿಗೆ ಸಿಕ್ಕಿದ್ದು ಅದು.

ಸೋಲನ್ನು ತಾಳಿಕೊಳ್ಳಲು ಆಟದ ಲೆಕ್ಕವೂ ನೆರವಾಗುತ್ತದೆ. ಕೆಟ್ಟ ತಂಡವೂ ಸಾಮಾನ್ಯವಾಗಿ 162ರಲ್ಲಿ ಅರವತ್ತರ ಆಸುಪಾಸು ಗೆಲ್ಲುತ್ತದೆ. ಟಿಕೆಟ್ ಕೊಂಡು ಹೋದವನಿಗೆ ಐದರಲ್ಲಿ ಎರಡು ಸಲದ ಹತ್ತಿರ ಗೆಲುವು ಕಾಣಸಿಗುತ್ತದೆ. ಹದಿನಾಲ್ಕು ಲೀಗ್ ಪಂದ್ಯಗಳ ಐಪಿಎಲ್‌ನಲ್ಲಿ ಹದಿನೇಳು ಸೀಸನ್ ಕಾದ ನಮ್ಮ ಆರ್‌ಸಿಬಿ ಮಂದಿಗೆ ಈ ರಿಯಾಯಿತಿ ಇರಲಿಲ್ಲ. ಘೋಷಣೆ ನೋಡಿದರೂ ಗೊತ್ತಾಗುತ್ತದೆ: ಕಬ್ಸ್ ಅಭಿಮಾನಿ 'ಮುಂದಿನ ವರ್ಷ ನೋಡಿ' ಎನ್ನುತ್ತಿದ್ದ, ನಮ್ಮವರು 'ಈ ಸಲ ಕಪ್ ನಮ್ದೇ' ಎಂದರು.

ಸೋತರೂ ಜನ ಬರುತ್ತಾರೆಂದರೆ ಒಡೆಯ ಗೆಲ್ಲಲು ಯಾಕೆ ಖರ್ಚು ಮಾಡಬೇಕು? ಈ ಆರೋಪ ಟ್ರಿಬ್ಯೂನ್ ಕಾಲದುದ್ದಕ್ಕೂ ಇತ್ತು, ಅದರಲ್ಲಿ ಹುರುಳೂ ಇತ್ತು. 2009ರಲ್ಲಿ ರಿಕೆಟ್ಸ್ ಕುಟುಂಬ ತಂಡ ಕೊಂಡಿತು. 2011ರಲ್ಲಿ, ಬಾಸ್ಟನ್‌ನ 86 ವರ್ಷದ ಬರ ನೀಗಿಸಿದ್ದ ಥಿಯೊ ಎಪ್ಸ್ಟೀನ್ ಬಂದ. ಅವನು ಸೋಲನ್ನೇ ಬಂಡವಾಳ ಮಾಡಿದ. ಅಮೆರಿಕದಲ್ಲಿ ಕೊನೆಗೆ ನಿಂತ ತಂಡ ಕೆಳ ದರ್ಜೆಗೆ ಇಳಿಯುವುದಿಲ್ಲ, ಬದಲಿಗೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಆಗ ಅದಕ್ಕೆ ಎಲ್ಲರಿಗಿಂತ ಮುಂಚಿನ ಸರದಿ ಸಿಗುತ್ತಿತ್ತು. 2012ರಲ್ಲಿ 101 ಸೋಲು, 2013ರಲ್ಲಿ 96, 2014ರಲ್ಲಿ 89. ಪ್ರತಿಫಲವಾಗಿ ಎರಡನೇ ಸರದಿಯಲ್ಲಿ ಕ್ರಿಸ್ ಬ್ರಯಂಟ್, ನಾಲ್ಕನೆಯದರಲ್ಲಿ ಕೈಲ್ ಶ್ವಾರ್ಬರ್. ಇರುವ ಪಿಚರ್‌ಗಳನ್ನು ಕೊಟ್ಟು ರಿಜೊ, ಅರಿಯೆಟಾ, ರಸೆಲ್‌ರನ್ನು ತಂದರು. 2013ರಲ್ಲೂ 26 ಲಕ್ಷ ಜನ ಬಂದರು. ಆ ನಿಷ್ಠೆ ಇಲ್ಲದಿದ್ದರೆ ಮೂರು ವರ್ಷ ಬೇಕೆಂದೇ ಸೋಲುವ ಧೈರ್ಯ ಯಾವ ಕಚೇರಿಗೂ ಬರುತ್ತಿರಲಿಲ್ಲ.

2016ರಲ್ಲಿ ತಂಡ 808 ರನ್ ಗಳಿಸಿ 556 ಬಿಟ್ಟುಕೊಟ್ಟಿತು. ಲೆಕ್ಕದ ಪ್ರಕಾರ 106 ಗೆಲುವು, ಸಿಕ್ಕಿದ್ದು 103. ವರ್ಲ್ಡ್ ಸೀರೀಸ್‌ನಲ್ಲಿ ಕ್ಲೀವ್ಲೆಂಡ್ ವಿರುದ್ಧ 3-1 ಹಿಂದೆ ಬಿದ್ದು, ಏಳನೇ ಪಂದ್ಯವನ್ನು ಹದಿನೇಳು ನಿಮಿಷದ ಮಳೆಯ ನಂತರ ಹತ್ತನೇ ಇನ್ನಿಂಗ್ಸಿನಲ್ಲಿ 8-7ರಿಂದ ಗೆದ್ದಿತು. ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಯ ಮೇಲೆ ಜನ ಸೀಮೆಸುಣ್ಣದಲ್ಲಿ ಹೆಸರು ಬರೆದರು, ಬಹುಪಾಲು ತೀರಿಹೋದ ಅಪ್ಪ, ಅಜ್ಜಂದಿರ ಹೆಸರು. 2,528 ಪಂದ್ಯ ಆಡಿ, ಲೀಗ್ ಹಂತ ದಾಟಿದವರು ಆಡುವ ಅಕ್ಟೋಬರ್ ಪಂದ್ಯ ಒಂದನ್ನೂ ಕಾಣದ ಅರ್ನಿ ಬ್ಯಾಂಕ್ಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ.

ಬರಗಾಲವೇ ಅಭಿಮಾನ ಬೆಳೆಸುತ್ತದೆ ಎನ್ನುವವರು ಅದೇ ಶಿಕಾಗೊದ ದಕ್ಷಿಣ ಭಾಗಕ್ಕೆ ಹೋಗಬೇಕು. ವೈಟ್ ಸಾಕ್ಸ್ ಕೂಡ 1917ರಿಂದ 2005ರವರೆಗೆ 88 ವರ್ಷ ಗೆದ್ದಿರಲಿಲ್ಲ. ಅದಕ್ಕೆ ಮೇಕೆಯೂ ಸಿಗಲಿಲ್ಲ, ಕಬ್ಸ್‌ನಂಥ ದಂತಕಥೆಯೂ ಹುಟ್ಟಲಿಲ್ಲ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ತಂಡದ ಕಥೆ ಇನ್ನೂ ಬೇರೆ. ತಂಡವನ್ನು ಲಾಸ್ ವೇಗಸ್‌ಗೆ ಒಯ್ಯುವುದಾಗಿ ಒಡೆಯ ಹೇಳಿದಾಗ, ಜನ ಬರುವುದಿಲ್ಲ ಎಂಬ ನೆಪವನ್ನು ಸುಳ್ಳು ಮಾಡಲು ಅಭಿಮಾನಿಗಳು 2023ರ ಜೂನ್ 13ರಂದು ಮೊದಲೇ ಮಾತಾಡಿಕೊಂಡು ಮೈದಾನ ಸೇರಿದರು: 27,759 ಮಂದಿ, ಹಲವರ ಮೈಮೇಲೆ 'ಮಾರು' ಎಂಬ ಅರ್ಥದ ಇಂಗ್ಲಿಷ್ ಪದ ಅಚ್ಚಾದ ಹಸಿರು ಅಂಗಿ. ಒಡೆಯ ಮಾರಲಿಲ್ಲ. 2024ರ ಸೆಪ್ಟೆಂಬರ್ 26ರ ಕೊನೆಯ ತವರು ಪಂದ್ಯಕ್ಕೆ 46,889 ಜನ ಬಂದರು, ತಂಡ 3-2ರಿಂದ ಗೆದ್ದಿತು. ಮುಂದಿನ ವರ್ಷದ ಪಂದ್ಯಗಳು ಪಶ್ಚಿಮ ಸ್ಯಾಕ್ರಮೆಂಟೊದಲ್ಲಿ, ಕೆಳ ಲೀಗಿನ ತಂಡವೊಂದರ ಮೈದಾನದಲ್ಲಿ ನಡೆದವು.