ಸ್ಥಾನಪಲ್ಲಟ ಕ್ರಿಯೆ ರೆಡಾಕ್ಸ್ ಕ್ರಿಯೆಯೂ ಹೌದೇ?

ಪ್ರಶ್ನೆ: ಕಬ್ಬಿಣ ಮತ್ತು ತಾಮ್ರದ ಸಲ್ಫೇಟ್ ನಡುವಿನ ಕ್ರಿಯೆಯನ್ನು ಒಂದು ಕಡೆ ಸ್ಥಾನಪಲ್ಲಟ ಎಂದೂ ಇನ್ನೊಂದು ಕಡೆ ರೆಡಾಕ್ಸ್ ಎಂದೂ ಬರೆದಿರುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂಬ ನಾಲ್ಕು ವಿಧಗಳ ಸಾಲಿಗೇ ರೆಡಾಕ್ಸನ್ನು ಐದನೆಯದಾಗಿ ಸೇರಿಸಿ ಓದುವುದರಿಂದ ಈ ಗೊಂದಲ ಹುಟ್ಟುತ್ತದೆ. ಯಾವ ಪರಮಾಣು ಅಥವಾ ಅಯಾನು ಯಾವುದನ್ನು ಬಿಟ್ಟು ಯಾವುದರ ಜೊತೆ ಸೇರಿತು ಎಂಬುದನ್ನು ಮೊದಲ ನಾಲ್ಕು ಹೆಸರುಗಳು ತಿಳಿಸುತ್ತವೆ. ಆಗ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ನಡೆಯಿತೇ ಎಂಬುದನ್ನು ರೆಡಾಕ್ಸ್ ಎಂಬ ಹೆಸರು ತಿಳಿಸುತ್ತದೆ.

ತುಕ್ಕು ಹೋಗುವಂತೆ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಸುಮಾರು 20 ನಿಮಿಷ ಇಳಿಬಿಟ್ಟರೆ, ಮುಳುಗಿದಷ್ಟು ಭಾಗದ ಮೇಲೆ ಕಂದುಗೆಂಪು ಬಣ್ಣದ ತಾಮ್ರ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತ ಬರುತ್ತದೆ. ಇಲ್ಲಿ ಕಬ್ಬಿಣದ ಒಂದೊಂದು ಪರಮಾಣುವೂ 2 ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ದ್ರಾವಣಕ್ಕೆ ಇಳಿಯುತ್ತದೆ. ಅವನ್ನು ಪಡೆದ ತಾಮ್ರದ ಅಯಾನು ಲೋಹವಾಗಿ ಮೊಳೆಗೆ ಅಂಟಿಕೊಳ್ಳುತ್ತದೆ. ಸಲ್ಫೇಟ್ ಅಯಾನು ಮೊದಲಿದ್ದ ಹಾಗೆಯೇ ಉಳಿಯುತ್ತದೆ. ಎಲೆಕ್ಟ್ರಾನು ಬಿಟ್ಟುಕೊಟ್ಟ ಕಬ್ಬಿಣದ್ದು ಉತ್ಕರ್ಷಣ, ಅದನ್ನು ಪಡೆದ ತಾಮ್ರದ್ದು ಅಪಕರ್ಷಣ. ಬಿಡಿಯಾಗಿದ್ದ ಧಾತು ಸಂಯುಕ್ತದೊಳಗೆ ಹೋಗಿ, ಒಳಗಿದ್ದ ಧಾತು ಬಿಡಿಯಾಗಿ ಹೊರಬರುವುದೇ ಸ್ಥಾನಪಲ್ಲಟವಾದ್ದರಿಂದ, ಇಂಥ ಕ್ರಿಯೆಗಳೆಲ್ಲವೂ ರೆಡಾಕ್ಸ್ ಕ್ರಿಯೆಗಳೇ.

ಎರಡು ಸಂಯುಕ್ತಗಳು ತಮ್ಮ ಅಯಾನುಗಳನ್ನು ಅದಲುಬದಲು ಮಾಡಿಕೊಳ್ಳುವ ದ್ವಿಸ್ಥಾನಪಲ್ಲಟದಲ್ಲಿ ಹಾಗಿಲ್ಲ. ಸೋಡಿಯಂ ಸಲ್ಫೇಟ್ ಮತ್ತು ಬೇರಿಯಂ ಕ್ಲೋರೈಡ್ ದ್ರಾವಣಗಳನ್ನು ಬೆರೆಸಿದಾಗ ಬೇರಿಯಂ ಸಲ್ಫೇಟಿನ ಬಿಳಿ ಪ್ರಕ್ಷೇಪ ಉಂಟಾದರೂ ಯಾವ ಅಯಾನಿನ ಆವೇಶವೂ ಬದಲಾಗುವುದಿಲ್ಲ.

ನಿಜವಾಗಿ ಎಚ್ಚರ ಬೇಕಾಗುವುದು ಸಂಯೋಗ ಮತ್ತು ವಿಭಜನೆಗಳಲ್ಲಿ. ಮೆಗ್ನೀಸಿಯಂ ಆಕ್ಸಿಜನ್‌ನಲ್ಲಿ ಉರಿಯುವುದು ಸಂಯೋಗವೂ ಹೌದು, ರೆಡಾಕ್ಸೂ ಹೌದು. ಸುಟ್ಟ ಸುಣ್ಣ ನೀರಿನೊಡನೆ ಸೇರಿ ಅರಳುವುದು ಸಂಯೋಗ ಮಾತ್ರ, ಹೊಮ್ಮುವ ಶಾಖ ಎಷ್ಟೇ ಇದ್ದರೂ ಅದು ರೆಡಾಕ್ಸ್ ಅಲ್ಲ. ಹಾಗೆಯೇ ಸುಣ್ಣದ ಕಲ್ಲನ್ನು ಕಾಸಿದಾಗ ಕಾರ್ಬನ್ ಡೈಆಕ್ಸೈಡ್ ಹೊರಬೀಳುವ ವಿಭಜನೆಯಲ್ಲಿ ಯಾವ ಧಾತುವಿನ ಉತ್ಕರ್ಷಣ ಸಂಖ್ಯೆಯೂ (ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಪರಮಾಣುವಿಗೆ ಕೊಡುವ ಆವೇಶದ ಅಂಕಿ) ಬದಲಾಗುವುದಿಲ್ಲ. ಆದರೆ ಸೀಸದ ನೈಟ್ರೇಟನ್ನು ಕಾಸಿದಾಗ ನೈಟ್ರೋಜನ್ ಡೈಆಕ್ಸೈಡಿನ ಕಂದು ಹೊಗೆ ಏಳುತ್ತದೆ, ಜೊತೆಗೆ ಆಕ್ಸಿಜನ್ ಬಿಡುಗಡೆಯಾಗುತ್ತದೆ. ನೈಟ್ರೋಜನ್‌ನ ಉತ್ಕರ್ಷಣ ಸಂಖ್ಯೆ +5 ಇದ್ದದ್ದು +4ಕ್ಕೆ ಇಳಿದು, ಆಕ್ಸಿಜನ್‌ನಲ್ಲಿ ಒಂದು ಪಾಲಿನದು -2ರಿಂದ 0ಗೆ ಏರುವುದರಿಂದ ಇದು ರೆಡಾಕ್ಸ್.

ಸಮೀಕರಣದ ಒಂದೇ ಬದಿಯಲ್ಲಿ ಬಿಡಿ ಧಾತು ಕಂಡರೆ ಅದು ರೆಡಾಕ್ಸ್ ಎಂದು ಧೈರ್ಯವಾಗಿ ಬರೆಯಬಹುದು. ಎರಡೂ ಬದಿಯಲ್ಲಿ ಅದೇ ಧಾತು ಬಿಡಿಯಾಗಿದ್ದರೆ ಮಾತ್ರ ತಡೆದು ನೋಡಬೇಕು: ಆಕ್ಸಿಜನ್ ಓಝೋನ್ ಆಗುವಾಗ ಎರಡರಲ್ಲೂ ಉತ್ಕರ್ಷಣ ಸಂಖ್ಯೆ ಸೊನ್ನೆಯೇ.