ಎಣ್ಣಿ ಡಾಗಿಗಿ ಆಸಿಡ್ ಹಾಕ್ಬಹುದೇನ್ರಿ?

ಕಲಬುರಗಿಯಿಂದ ಭಾಳ ಮಂದಿ ಕೇಳೋ ಪ್ರಶ್ನೆ ಇದು: ಬೈಕ್ ನಿಲ್ಸೋ ಕಡೆ ಕಾಂಕ್ರೀಟ್ ಮ್ಯಾಲ ಇಂಜಿನ್ ಆಯಿಲ್ ಬಿದ್ದು ಕರ್ರಗ ಆಗ್ಯಾದ, ಎಲ್ಲಾರೂ ಆಸಿಡ್ ಹಾಕು ಅಂತಾರ, ಹಾಕ್ಲೇನ್ರಿ?

ಹಾಕ್ಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಆಸಿಡ್ ಬಿದ್ದ ಕೂಡ್ಲೆ ಬುರುಬುರು ನೊರಿ ಬರ್ತದ, ನೋಡಿದವ್ರು ಡಾಗ್ ಕಿತ್ತು ಬರ್ಲಾಕತ್ತದ ಅನ್ಕೋತಾರ, ಖರೇ ಅಂದ್ರ ಅಲ್ಲಿ ಕರಗ್ಲಾಕತ್ತಿದ್ದು ಸಿಮೆಂಟು, ಎಣ್ಣಿಗಿ ಆಸಿಡ್ ಏನೂ ಮಾಡಂಗಿಲ್ಲ. ಮ್ಯಾಲಿನ ಪದರ ಹೋದ ಮ್ಯಾಲ ಮುಂದ ಬೀಳೋ ಎಣ್ಣಿ ಇನ್ನೂ ಲಗೂನೇ ಒಳಗ ಇಳಿತದ. ನಮ್ ಕಡೆ ಬಾಜೂಕೇ ಶಹಾಬಾದ್ ಪರಸಿ ಬ್ಯಾರೆ ಇರ್ತದ, ಅದು ಸುಣ್ಣದ ಕಲ್ಲು, ಆಸಿಡ್ ಸಿಡಿತಂದ್ರ ಹೊಳಪು ಹೋಗಿ ಬೆಳ್ಳಗ ಕಲಿ ಕೂಡ್ತದ.

ಕಾಂಕ್ರೀಟಿನಾಗ ಕಣ್ಣಿಗಿ ಕಾಣದ ತೂತು ಇರ್ತಾವ, ಎಣ್ಣಿ ಅದರಾಗ ಇಳಿದು ಕುಂತಿರ್ತದ, ಹಿಂಗಾಗಿ ಅದನ್ನ ಹೀರೇ ತೆಗಿಬೇಕು. ಈಗಷ್ಟೇ ಬಿದ್ದಿದ್ರ ಒರೆಸ್ಬ್ಯಾಡ್ರಿ, ಹರಡ್ತದ. ಕಟ್ಟಿಗಿ ಹೊಟ್ಟು ಇಲ್ಲಾ ಒಣ ಬೂದಿ ಸುರುವಿ, ರಾತ್ರಿಯಿಡೀ ಬಿಟ್ಟು, ಕಸಬರಗಿಲೆ ಗುಡಿಸ್ರಿ.

ಹಳೇ ಡಾಗಿದ್ರ ಮೊದ್ಲ ಬಿಸಿನೀರು, ವಾಷಿಂಗ್ ಸೋಡಾ, ಬಟ್ಟಿ ಪೌಡರ್ ಹಾಕಿ ಗಟ್ಟಿ ನೈಲಾನ್ ಬ್ರಷ್‌ಲೆ ತಿಕ್ರಿ, ಕೈಗಿ ಗ್ಲೌಸ್ ಇರ್ಲಿ. ನಮ್ ಬೋರ್ ನೀರು ಗಡಸು, ಬರೇ ಸಾಬೂನು ನೊರಿನೇ ಬರಂಗಿಲ್ಲ, ಸೋಡಾ ಇದ್ರ ಆ ತ್ರಾಸು ಕಡಿಮಿ. ಆಮೇಲ ಅಂಥದೇ ಸೋಡಾ, ಪೌಡರ್ ಹಾಕಿದ ಬ್ಯಾರೆ ನೀರಾಗ ಮುಲ್ತಾನಿ ಮಿಟ್ಟಿ ಕಲಸಿ ಅರ್ಧ ಇಂಚು ದಪ್ಪ ಬಳಿದು, ಮ್ಯಾಲ ಪ್ಲಾಸ್ಟಿಕ್ ಹಾಳಿ ಮುಚ್ಚಿ ಅಂಚಿಗಿ ಕಲ್ಲಿಡ್ರಿ. ಈ ಮುಚ್ಚೋದೇ ನಮ್ಮೂರಾಗ ಭಾಳ ಮುಖ್ಯ ನೋಡ್ರಿ, ಬ್ಯಾಸಗಿ ಬಿಸಲಿಗಿ ಮಣ್ಣು ಲಗೂನೇ ಒಣಗಿಬಿಡ್ತದ, ಎಣ್ಣಿ ಸಡಿಲಾಗ್ಲಾಕ ಟೈಮೇ ಸಿಗಂಗಿಲ್ಲ. ಸಂಜಿಗಿ ಬಳಿದು ಮುಂಜಾನಿ ಹಾಳಿ ತೆಗದ್ರ, ಮಣ್ಣು ಒಣಗ್ತಾ ಒಣಗ್ತಾ ಎಣ್ಣಿ ಮ್ಯಾಲ ಎಳ್ಕೋತದ. ಒಂದೇ ಸಲಕ್ಕ ಪೂರಾ ಹೋಗಂಗಿಲ್ಲ, ಮತ್ತ ಮತ್ತ ಬಳಿಬೇಕು, ಭಾಳ ಹಳೇದಿದ್ರ ತಿಳಿಯಾಗಿ ನೆರಳಿನಂಗ ಉಳಿಬಹುದು.

ಅಡಗಿ ಎಣ್ಣಿ ಬಿದ್ದಿದ್ರ ಸೋಡಾ ಇನ್ನೂ ಛಲೋ ಕೆಲಸ ಮಾಡ್ತದ. ಕುಸುಬಿ ಎಣ್ಣಿ ಮಾತ್ರ ಹಳೇದಾದಷ್ಟೂ ಅಂಟಾಗಿ ಗಟ್ಟಿ ಕೂಡ್ತದ, ಅದಕ್ಕ ಅವತ್ತೇ ತೊಳೀರಿ. ಪೆಟ್ರೋಲು, ಸೀಮೆಎಣ್ಣಿ ಸುರುವ್ಬ್ಯಾಡ್ರಿ, ಡಾಗ್ ತೆಳ್ಳಗಾಗಿ ಇನ್ನೂ ಆಳಕ್ಕ ಹೋಗ್ತದ, ಬೆಂಕಿ ಭಯ ಬ್ಯಾರೆ. ಬ್ಲೀಚಿಂಗ್ ಪೌಡರಿಗಿ ಆಸಿಡ್ ಅಂತೂ ಕಲಸಲೇಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಬಂದು ಉಸಿರೇ ಕಟ್ತದ.

ಹಾಂ, ತಿಕ್ಕೋಕಿನ ಮುಂಚೆ ಗಾಡಿ ಮೆಕ್ಯಾನಿಕ್‌ಗ ತೋರ್ಸಿ ಸೋರೋದು ನಿಲ್ಲಸ್ರಿ, ಭಾಳ ಸಲ ಡ್ರೇನ್ ಬೋಲ್ಟಿನ ವಾಷರ್ ಬದಲಿಸಿದ್ರ ಸಾಕಾಗ್ತದ.